ನೋಡದೆ ತೆಗೆದ ಫೋಟೋ

ಮೊನ್ನೆ ಬ್ಯಾಂಕಿನ ಬಾಗಿಲಲ್ಲಿ ನನ್ನನ್ನು ತಡೆದರು. ತಡೆದವನು ನನ್ನ ಮೊಮ್ಮಗನಿಗಿಂತ ಚಿಕ್ಕವನು, ಹೊಸದಾಗಿ ಬಂದ ಕಾವಲಿನ ಹುಡುಗ. ಅವನದೇ ತಪ್ಪು ಎನ್ನಲಾರೆ. ಬೆಳಗಿನ ಚಳಿಗೆ ಹೆದರಿ ನಾನು ಮಂಕಿ ಟೋಪಿ ಹಾಕಿ, ಅದರ ಮೇಲೆ ಮಫ್ಲರನ್ನು ಮೂಗಿನ ತನಕ ಸುತ್ತಿಕೊಂಡಿದ್ದೆ. ಹೊರಗೆ ಕಾಣುತ್ತಿದ್ದದ್ದು ಕನ್ನಡಕ ಒಂದೇ.

"ಅಜ್ಜ, ಮುಖ ತೋರ್ಸಿ," ಅಂದ.

"ಯಾಕಪ್ಪ?"

ಗಾಜಿನ ಬಾಗಿಲಿಗೆ ಅಂಟಿಸಿದ್ದ ಹಾಳೆಯ ಕಡೆ ಬೆರಳು ಮಾಡಿದ. ಮುಖ ಮುಚ್ಚಿಕೊಂಡು ಒಳಗೆ ಬರಬಾರದು ಎಂದು ಅದರಲ್ಲಿ ದಪ್ಪಕ್ಷರದಲ್ಲಿತ್ತು.

"ಈ ಹೊಳೆನರಸೀಪುರದಲ್ಲಿ ನನ್ನ ಮುಖ ಗೊತ್ತಿಲ್ದೋರು ಯಾರಪ್ಪ ಇದಾರೆ?"

"ನಂಗ್ ಗೊತ್ತಿಲ್ವಲ್ಲ ಅಜ್ಜ. ನಾನು ಬಂದು ಎಂಟ್ ದಿನ ಆಯ್ತು ಅಷ್ಟೆ."

ಅವನ ಮಾತಿನಲ್ಲಿ ಅಗೌರವವಿರಲಿಲ್ಲ. ಆದರೂ ನನಗೆ ಎಲ್ಲಿಂದ ಬಂತೋ ಸಿಟ್ಟು, ಮಫ್ಲರಿಗೆ ಕೈ ಹಾಕದೆ, ಬಂದ ಕೆಲಸವನ್ನೂ ಮಾಡದೆ ಮನೆಗೆ ವಾಪಸಾದೆ. ಸಿಟ್ಟು ಬಂದಾಗ ಹಳೆಯ ಟ್ರಂಕು ತೆಗೆದು ಸಾಮಾನನ್ನೆಲ್ಲ ಮತ್ತೆ ಜೋಡಿಸುವುದು ನನ್ನ ಅಭ್ಯಾಸ. ಅಂದೂ ತೆಗೆದೆ. ನುಸಿಗುಳಿಗೆಯ ಘಾಟು ಮೂಗಿಗೆ ಬಡಿಯಿತು. ಅದರ ಹಿಂದೆಯೇ ಕೈಗೆ ಸಿಕ್ಕಿತು ನನ್ನ ಕಪ್ಪು ಬಟ್ಟೆ. ಕ್ಯಾಮೆರಾದ ಹಿಂದೆ ನಿಂತು ತಲೆಯ ಮೇಲೆ ಹೊದ್ದುಕೊಳ್ಳುತ್ತಿದ್ದ ಬಟ್ಟೆ ಅದು. ಒಳಗೆ ಏನೋ ಗಟ್ಟಿಯಾಗಿತ್ತು. ಬಿಚ್ಚಿ ನೋಡಿದರೆ ನನ್ನ ಸ್ಟುಡಿಯೋದ ತಗಡಿನ ಬೋರ್ಡು. ನಾನೇ ಬರೆದದ್ದು: "ಮುಖ ತೋರದವರ ಫೋಟೋ ತೆಗೆಯಲಾಗುವುದಿಲ್ಲ."

ಸಿಟ್ಟು ಇಳಿಯಿತು ಅಂತ ಹೇಳಿದರೆ ಸುಳ್ಳಾದೀತು. ಆದರೆ ಯಾರ ಮೇಲೆ ಸಿಟ್ಟು ಮಾಡಬೇಕೋ ಅದು ಗೊತ್ತಾಗದೆ ಹೋಯಿತು.

ನಿಮಗೆ ನನ್ನ ವಿಷಯ ಸ್ವಲ್ಪ ಹೇಳಬೇಕು. ನಾನು ಓದಿದ್ದು ನಾಲ್ಕನೇ ಕ್ಲಾಸು. ಹದಿನಾರರ ಮಗ್ಗಿಯ ತನಕ ಬಂದಿತ್ತು, ಅಲ್ಲಿಗೆ ಸ್ಕೂಲು ನಿಂತಿತು. ಹಾಸನದ ಒಂದು ಸ್ಟುಡಿಯೋದಲ್ಲಿ ಫೋಟೋ ಮದ್ದಿನ ತಟ್ಟೆ ತೊಳೆಯುವುದಕ್ಕೆ ಸೇರಿ, ಏಳು ವರ್ಷ ದುಡಿದು, ಇಪ್ಪತ್ತೆರಡನೆಯ ವಯಸ್ಸಿಗೆ ಹೊಳೆನರಸೀಪುರದ ಪೇಟೆಯಲ್ಲಿ ನನ್ನದೇ ಸ್ಟುಡಿಯೋ ಇಟ್ಟೆ. ಯಾರ ಹಂಗಿನಲ್ಲೂ ಇಡಲಿಲ್ಲ. ಆಗ ಸ್ವಾತಂತ್ರ್ಯ ಬಂದು ಹತ್ತು ವರ್ಷವಾಗಿತ್ತು. ಗಾಜಿನ ಪ್ಲೇಟಿನ ಮರದ ಕ್ಯಾಮೆರಾ, ಸೂರಿನಲ್ಲಿ ಬೆಳಕಿಗೆ ನಾಲ್ಕು ಗಾಜಿನ ಹೆಂಚು, ಕೂರುವುದಕ್ಕೆ ಒಂದು ಬೆತ್ತದ ಕುರ್ಚಿ. ಹಿಂದುಗಡೆಯೇ ಮನೆ, ಮಧ್ಯೆ ಒಂದು ಪರದೆ. ಒಂದು ಸಲ ನೋಡಿದ ಮುಖವನ್ನು ನಾನು ಮರೆಯುವವನಲ್ಲ ಎಂಬ ಜಂಬ ನನಗೆ ಬಹಳವಿತ್ತು. ಈ ಜಂಬದ ಕಥೆ ಮುಂದೆ ಬರುತ್ತದೆ.

ಬೋರ್ಡು ಬಂದದ್ದು ಶ್ರವಣಬೆಳಗೊಳದ ದೆಸೆಯಿಂದ. ಯಾತ್ರೆಯವರು ಸೇರುವ ಕಾಲದಲ್ಲಿ ಕ್ಯಾಮೆರಾ ಹೊತ್ತುಕೊಂಡು ಚನ್ನರಾಯಪಟ್ಟಣದ ಮೇಲೆ ಅಲ್ಲಿಗೆ ಹೋಗುತ್ತಿದ್ದೆ. ಒಂದು ಸಲ ಮಾರ್ವಾಡದ ಕಡೆಯ ದೊಡ್ಡ ಕುಟುಂಬವೊಂದು ಕಲ್ಯಾಣಿಯ ಮೆಟ್ಟಿಲ ಮೇಲೆ ಸಾಲಾಗಿ ಕುಳಿತಿತು. ಗಂಡಸರು ಹಿಂದೆ, ಎಂಟು ಮಂದಿ ಸೊಸೆಯಂದಿರು ಮುಂದೆ. ಎಂಟು ಮಂದಿಯೂ ಸೆರಗನ್ನು ಎದೆಯ ತನಕ ಎಳೆದುಕೊಂಡಿದ್ದರು. ಸ್ವಲ್ಪ ಮೇಲೆತ್ತಿ ಎಂದು ಕೈಸನ್ನೆ ಮಾಡಿದೆ. ಯಜಮಾನರು ಬೇಡ, ಹಾಗೆಯೇ ತೆಗಿ ಎಂದು ತಾವೂ ಸನ್ನೆ ಮಾಡಿದರು. ತೆಗೆದೆ. ಹಾಸನದ ನನ್ನ ಗುರುಗಳಿಗೆ ತೋರಿಸಿದಾಗ ಅವರು ಕನ್ನಡಕ ಏರಿಸಿ ಬಹಳ ಹೊತ್ತು ನೋಡಿ, "ಏನ್ಲಾ ಇದು, ಜವಳಿ ಅಂಗಡಿ ಫೋಟೋ ತೆಕ್ಕೊಂಡ್ ಬಂದಿದ್ದೀಯ," ಅಂದರು. ಅಲ್ಲಿದ್ದವರೆಲ್ಲ ನಕ್ಕರು. ಅರಕಲಗೂಡಿನ ಒಂದು ಮದುವೆಯಲ್ಲೂ ಇದೇ ಆಯಿತು. ಸಾಬರ ಮದುವೆ. ಮದುವೆಗಂಡಿನ ಮುಖಕ್ಕೆ ಮಲ್ಲಿಗೆಯ ಪರದೆ ಇಳಿಬಿಟ್ಟಿದ್ದರು. ಫೋಟೋದಲ್ಲಿ ಬಂದದ್ದು ಮಲ್ಲಿಗೆ ಮಾತ್ರ. ಮತ್ತೆ ನಗೆಗೀಡಾಗುವುದು ಬೇಡವೆಂದು ಮರುದಿನವೇ ತಗಡಿಗೆ ಬಣ್ಣ ಬಳಿದು ಬೋರ್ಡು ಬರೆದು ನೇತುಹಾಕಿದೆ.

ಯಾವ ಜಾತಿ, ಯಾವ ಮತ ಅಂತ ಆ ಬೋರ್ಡಿನಲ್ಲಿ ಇರಲಿಲ್ಲ. ನನ್ನ ಮನಸ್ಸಿನಲ್ಲೂ ಇರಲಿಲ್ಲ. ನನಗಿದ್ದದ್ದು ಕಸುಬಿನ ಹಟ. ಆದರೆ ಬೋರ್ಡು ಬೀದಿಗೆ ನೇತುಬಿದ್ದ ಮೇಲೆ ಓದುವವರು ಅವರವರಿಗೆ ಬೇಕಾದ ಹಾಗೆ ಓದುತ್ತಾರೆ. ಪುರಸಭೆಯ ಮೆಂಬರು ರಂಗೇಗೌಡರು ಪೇಪರು ಓದುವುದಕ್ಕೆ ದಿನಾ ನನ್ನ ಸ್ಟುಡಿಯೋದ ಬೆಂಚಿಗೆ ಬರುತ್ತಿದ್ದರು. ಅವರಿಗೆ ಬೋರ್ಡಿನ ಮೇಲೆ ಬಲು ಪ್ರೀತಿ. ಆ ದಿನಗಳಲ್ಲಿ ಬಸ್ ಸ್ಟ್ಯಾಂಡಿನಲ್ಲಿ ಯಾರದೋ ಚೀಲ ಕಳುವಾಗಿ, ಬುರ್ಖಾ ಹಾಕಿಕೊಂಡವರು ಯಾರೋ ಎತ್ತಿಕೊಂಡು ಹೋದರು ಎಂದು ಸುದ್ದಿ ಹಬ್ಬಿತ್ತು. ಕಂಡವರು ಯಾರೂ ಇರಲಿಲ್ಲ.

"ನಿನ್ ಬೋರ್ಡ್ನೇ ಬಸ್ ಸ್ಟ್ಯಾಂಡ್ಗೂ ಹಾಕುಸ್ಬೇಕು ಕಣಯ್ಯ," ಅನ್ನುತ್ತಿದ್ದರು ಗೌಡರು. "ಸ್ವತಂತ್ರ ಬಂದು ಹತ್ತು ವರ್ಷದ ಮೇಲಾಯ್ತು. ಮೊಕ ಮುಚ್ಕೊಂಡು ಬೀದೀಲಿ ಓಡಾಡೋದು ಏನು? ಮುಂದಿನ ಮೀಟಿಂಗ್ನಲ್ಲಿ ನಾನೇ ಎತ್ತೀನಿ ಇದ್ನ."

ನಾನು ಹೌದು ಗೌಡರೇ ಅನ್ನುತ್ತಿದ್ದೆ. ಮನಸ್ಸಿನಿಂದಲೇ ಅನ್ನುತ್ತಿದ್ದೆ. ದಿನದ ಅರ್ಧ ಹೊತ್ತು ಕಪ್ಪು ಬಟ್ಟೆಯೊಳಗೆ ಮುಖ ಹುದುಗಿಸಿಕೊಂಡು ಪರರ ಮುಖ ನೋಡುವ ಕಸುಬು ನನ್ನದು ಎಂಬುದು ಆಗ ಹೊಳೆದಿರಲಿಲ್ಲ.

ಹೀಗಿರುವಾಗ ಒಂದು ಬೆಳಗ್ಗೆ ಕಲಾಯಿ ಬುಡನ್ ಸಾಬರು ಬಂದರು. ಪೇಟೆಯ ಹಿತ್ತಾಳೆ ಪಾತ್ರೆಗಳಿಗೆಲ್ಲ ಕಲಾಯಿ ಹಾಕುತ್ತಿದ್ದವರು ಅವರು. ಜೊತೆಗೆ ಬುರ್ಖಾದಲ್ಲಿ ಮಗಳು ಜೈತೂನ್. ಗೌಡರು ಬೆಂಚಿನ ಮೇಲೆಯೇ ಇದ್ದರು.

"ಏನ್ ಸಾಬ್ರೆ," ಅಂದರು ಗೌಡರು, "ಬೋರ್ಡ್ ಕಾಣ್ಲಿಲ್ವಾ?"

ಸಾಬರಿಗೆ ಓದು ಬರುತ್ತಿರಲಿಲ್ಲ. ಮಗಳ ಕಡೆ ನೋಡಿದರು. ಬುರ್ಖಾದ ಒಳಗಿನಿಂದ ಒಂದು ದನಿ ನನ್ನ ಬೋರ್ಡನ್ನು ಎಲ್ಲೂ ತಡೆಯದೆ, ಒಂದೇ ಉಸಿರಿಗೆ ಓದಿತು. ಆ ಬೋರ್ಡು ಬರೆಯುವುದಕ್ಕೆ ನನಗೆ ಒಂದು ಮಧ್ಯಾಹ್ನವೇ ಹಿಡಿದಿತ್ತು. ಓದಿ ಮುಗಿಸಿ, "ಹೋಗೋಣ ಬನ್ನಿ ಅಪ್ಪ," ಅಂದಿತು ಆ ದನಿ.

ಸಾಬರು ಕದಲಲಿಲ್ಲ. ನನ್ನ ಹತ್ತಿರ ಬಂದು ಮೆಲ್ಲಗೆ ಹೇಳಿದರು. "ಫೋಟೋದಣ್ಣ, ಇವಳ ತಾಯಿ ಹೆರಿಗೇಲಿ ಹೋದ್ಲು, ನಿಮ್ಗೂ ಗೊತ್ತು. ಗಂಡಸು ಡಾಕ್ಟ್ರು ಇದ್ರು. ನಾನೇ ಒಳಕ್ಕೆ ಬಿಡ್ಲಿಲ್ಲ. ಇವಳು ದಾದಿ ಕೆಲ್ಸ ಕಲ್ತರೆ ಇನ್ನೊಬ್ಳು ಹಂಗೆ ಹೋಗೋದು ಬೇಡ ಅಂತ ನನ್ನಾಸೆ. ಹಾಸನದಲ್ಲಿ ಸೇರಿಸ್ಕೋತಾರೆ. ಅರ್ಜಿಗೆ ಫೋಟೋ ಅಂಟಿಸ್ಬೇಕಂತೆ. ನಾಡಿದ್ದು ಕಡೇ ದಿನ."

"ಆಯ್ತು ಸಾಬ್ರೇ. ಬುರ್ಖಾ ತೆಗ್ದು ಕೂತ್ಕೊಳ್ಳಿ ಅಂತ ಹೇಳಿ."

"ಅದೇ ಆಗಲ್ಲ. ಪರ ಗಂಡಸು ನೋಡೋ ಹಂಗಿಲ್ಲ."

"ನೋಡ್ದೆ ಫೋಟೋ ಹೆಂಗೆ ತೆಗೀಲಿ?"

"ಅದನ್ನೇ ನಿಮ್ಮನ್ನ ಕೇಳೋಣ ಅಂತ ಬಂದೆ."

ನನಗೆ ನಗು ಬಂತು, ಸಿಟ್ಟೂ ಬಂತು. ಹೆಂಡತಿಯನ್ನು ಡಾಕ್ಟರ ಕಣ್ಣಿಗೆ ಬೀಳಿಸಬಾರದೆಂದು ಕಳೆದುಕೊಂಡ ಮನುಷ್ಯ, ಮಗಳ ಬಾಳಿನ ವಿಷಯದಲ್ಲೂ ಅದೇ ಹಟ ಹಿಡಿದಿದ್ದಾರಲ್ಲ. ಅರ್ಜಿ ನೋಡುವ ಗುಮಾಸ್ತರು ಗಂಡಸರಲ್ಲವೇ ಎಂದು ಕೇಳಿದೆ. "ಅವ್ರು ಕಾಗದ ನೋಡ್ತಾರೆ, ನೀವು ಮನುಷ್ಯಳನ್ನ ನೋಡ್ತೀರಿ," ಅಂದರು. 

ಗೌಡರು ಪೇಪರು ಮಡಿಸಿದರು. "ನೋಡ್ದಾ? ಇದ್ಕೇ ನಾನೇಳೋದು. ಕಾನೂನು ಅಂತ ಒಂದ್ ಮಾಡ್ಬುಟ್ರೆ ಇಂಥ ತಾಪತ್ರಯನೇ ಇರಕಿಲ್ಲ."

ಪರದೆಯ ಹಿಂದಿನಿಂದ ನನ್ನ ಹೆಂಡತಿ ಜಯಮ್ಮನ ದನಿ ಬಂತು. "ಗೌಡ್ರೇ, ಮಾಗಿ ಚಳೀಲಿ ಮೂಗಿನ ತನಕ ಕಂಬ್ಳಿ ಕೊಪ್ಪೆ ಹಾಕ್ಕೊಂಡು ಬತ್ತೀರಲ್ಲ, ಆಗ ನಿಮ್ ಮೊಕ ಯಾರಿಗ್ ಕಾಣುತ್ತೆ? ಹೋದ್ ವರ್ಷ ನಿಮ್ಮನ್ನ ಹಾಲಿನ ಚಿಕ್ಕಣ್ಣ ಅಂದ್ಕೊಂಡು ಚೊಂಬು ತಂದು ಮುಂದಿಟ್ಟಿದ್ದೆ."

ಗೌಡರು ನಕ್ಕುಬಿಟ್ಟರು. "ಅದು ಚಳಿಗೆ ಕಣವ್ವ," ಅಂದರು. ಅಷ್ಟು ಹೊತ್ತಿಗೆ ಜಯಮ್ಮ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಹೊರಗೇ ಬಂದು, "ಎಲ್ರೂ ಬೀದಿಗೆ ನಡೀರಿ. ನಾನ್ ತೆಗೀತೀನಿ," ಅಂದಳು.

ಅವಳು ಅದುವರೆಗೆ ಕ್ಯಾಮೆರಾದ ಧೂಳು ಒರೆಸಿದ್ದು ಬಿಟ್ಟರೆ ಅದನ್ನು ಮುಟ್ಟಿದವಳಲ್ಲ. ಏಳು ವರ್ಷ ತಟ್ಟೆ ತೊಳೆದು ಕಲಿತ ಕಸುಬನ್ನು ಇವಳು ಏಳು ನಿಮಿಷದಲ್ಲಿ ಮಾಡುತ್ತಾಳೆಯೇ ಎಂದು ನನ್ನ ಮಾನಕ್ಕೆ ಪೆಟ್ಟು ಬಿತ್ತು. ಆದರೂ ಅವಳನ್ನೇ ಕುರ್ಚಿಯಲ್ಲಿ ಕೂರಿಸಿ ಅವಳ ಕಣ್ಣಿಗೆ ಫೋಕಸು ಹೊಂದಿಸಿ ತಿರುಪು ಬಿಗಿಮಾಡಿದೆ. ಪ್ಲೇಟು ಹಾಕುವುದು, ಮುಚ್ಚಳದ ತಗಡು ಎಳೆಯುವುದು, ಫೋಟೋ ತೆಗೆಯುವ ರಬ್ಬರ್ ಬುರುಡೆ ಒತ್ತುವುದು ತೋರಿಸಿಕೊಟ್ಟೆ. ಮುಖ ನೋಡುವುದಿಲ್ಲ ಎಂದು ಸಾಬರಿಗೆ ಮಾತು ಕೊಟ್ಟೆ. ಆಮೇಲೆ ನಾನು, ಸಾಬರು, ಗೌಡರು ಮೂವರೂ ಬಾಗಿಲ ಹೊರಗೆ ಬೀದಿಗೆ ಮುಖ ಮಾಡಿ ನಿಂತೆವು.

ಒಳಗಿನಿಂದ ಜಯಮ್ಮ ಕೂಗಿದಳು. "ರೀ, ಈ ಗಾಜ್ನಲ್ಲಿ ಹುಡ್ಗಿ ತಲೆಕೆಳಗಾಗವ್ಳೆ."

"ಅದು ಹಂಗೇ ಕಾಣೋದು. ನೀನೇನೂ ತಿರುಗುಸ್ಬೇಡ."

ಆಮೇಲೆ ಒಳಗೆ ಇಬ್ಬರು ಹೆಂಗಸರೂ ನಗುವುದಕ್ಕೆ ಶುರುಮಾಡಿದರು. ತಡೆದು ತಡೆದು ನಕ್ಕರು. ಸಾಬರು ನನ್ನ ಮುಖ ನೋಡಿದರು, ನಾನು ಅವರ ಮುಖ ನೋಡಿದೆ. ನಮ್ಮನ್ನೇ ಕುರಿತು ನಗುತ್ತಿದ್ದಾರೆ ಎಂದು ಇಬ್ಬರಿಗೂ ಅನ್ನಿಸಿತು.

ಅವರು ಹೋದ ಮೇಲೆ ಕತ್ತಲೆ ಕೋಣೆಗೆ ಹೋಗಿ, ಕೆಂಪು ದೀಪ ಹಚ್ಚಿ, ತಟ್ಟೆಗೆ ಚಿತ್ರ ಮೂಡಿಸುವ ಮದ್ದು ಸುರಿದು ಪ್ಲೇಟು ಕೈಗೆತ್ತಿಕೊಂಡೆ. ಆಗ ನನ್ನ ಕೈ ನಿಂತಿತು. ಈ ಪ್ಲೇಟು ಮದ್ದಿಗೆ ಬಿದ್ದರೆ ಮುಖ ಮೂಡುವುದು ನನ್ನ ಕಣ್ಣೆದುರಿಗೇ ಅಲ್ಲವೇ? ಬೀದಿಗೆ ಮುಖ ಮಾಡಿ ನಿಂತ ನಾವು ಮೂವರು ಗಂಡಸರಲ್ಲಿ ಒಬ್ಬರಿಗೂ ಇದು ಹೊಳೆದಿರಲಿಲ್ಲ. ಸಾಬರಿಗೆ ಹೊಳೆಯದಿದ್ದದ್ದು ಸರಿ, ಫೋಟೋದವನಾದ ನನಗೇ ಹೊಳೆಯಲಿಲ್ಲವಲ್ಲ. ನೋಡಿದರೆ ಯಾರಿಗೂ ತಿಳಿಯುವುದಿಲ್ಲ. ಕಪ್ಪು ಬಿಳುಪು ಅದಲುಬದಲಾದ ಮುಖ, ಅದನ್ನು ನೋಡುವುದು ಒಂದು ನೋಡುವುದೇ? ನೋಡದಿದ್ದರೆ ಪ್ಲೇಟು ಕೆಡಬಹುದು. ಕೆಟ್ಟರೆ ಮತ್ತೊಮ್ಮೆ ತೆಗೆಯುವುದಕ್ಕೆ ಹೊತ್ತಿಲ್ಲ, ಹುಡುಗಿಯ ಅರ್ಜಿ ಹೋಯಿತು.

ನೋಡುವುದಿಲ್ಲ ಎಂದು ಮಾತು ಕೊಟ್ಟಾಗಿತ್ತು. ಕೆಂಪು ದೀಪ ಆರಿಸಿದೆ.

ಗಾಢ ಕತ್ತಲೆಯಲ್ಲಿ ತಟ್ಟೆಯನ್ನು ಅಲುಗಿಸುತ್ತ ಎರಡರ ಮಗ್ಗಿಯಿಂದ ಶುರುಮಾಡಿದೆ. ಎರಡೊಂದ್ಲ ಎರಡು, ಎರಡೆರಡ್ಲ ನಾಲ್ಕು. ಮದ್ದಿನ ಹದ ಬೆರಳಿಗೆ ಗೊತ್ತಿತ್ತು, ಹೊತ್ತು ಮಾತ್ರ ಲೆಕ್ಕಕ್ಕೆ ಬೇಕಿತ್ತು. ಹದಿಮೂರರ ಹತ್ತಿರ ಎಡವಿ ಮತ್ತೆ ಹಿಂದೆ ಹೋದೆ. ಹದಿನಾರರ ಮಗ್ಗಿ ಮುಗಿದಾಗ ಪ್ಲೇಟು ಎತ್ತಿದೆ. ಅದಕ್ಕಿಂತ ಮುಂದಕ್ಕೆ ಹೋಗಬೇಕಾಗಿದ್ದರೆ ನನ್ನ ಹತ್ತಿರ ಮಗ್ಗಿ ಇರಲಿಲ್ಲ.

ಮರುದಿನ ಕಾಗದಕ್ಕೆ ಪ್ರಿಂಟು ಹಾಕುವಾಗ ಜಯಮ್ಮ ತಟ್ಟೆಯ ಮುಂದೆ ಬಗ್ಗಿದಳು. ನಾನು ಅವಳ ಬೆನ್ನಿಗೆ ಬೆನ್ನು ಹಾಕಿ ಗೋಡೆ ನೋಡುತ್ತ ನಿಂತೆ. "ಹುಬ್ಬು ಬಂತು ಕಣ್ರೀ," ಅಂದಳು. "ಕಣ್ಣು ಬಂದ್ವು. ಮೂಗ್ನಾಗೆ ಸಣ್ಣ ನತ್ತು ಐತೆ. ಅಗೋ, ಪೂರ್ತಿ ಬಂದ್ಬುಟ್ಲು." ನನ್ನ ಕಸುಬಿನಲ್ಲಿ ಅತಿ ಚೆನ್ನಾದ ಗಳಿಗೆ ಇದೇ, ಬಿಳಿಯ ಕಾಗದದ ಮೇಲೆ ಮುಖ ಮೂಡುವ ಗಳಿಗೆ. ಅದನ್ನು ಗೋಡೆ ನೋಡುತ್ತ ಕಿವಿಯಲ್ಲಿ ಕೇಳಿದ್ದು ಅದೊಂದೇ ಸಲ. ಪ್ರಿಂಟು ಲಕೋಟೆಗೆ ಸೇರಿ ಸಾಬರ ಮನೆಗೆ ಹೋಯಿತು. ಪ್ಲೇಟನ್ನು ಜಯಮ್ಮ ಕಂದು ಕಾಗದದಲ್ಲಿ ಸುತ್ತಿ ದಾರ ಕಟ್ಟಿ ನನ್ನ ಕೈಗೆ ಕೊಟ್ಟಳು. ಜೈತೂನಳಿಗೆ ಹಾಸನದಲ್ಲಿ ಜಾಗ ಸಿಕ್ಕಿತು.

ಬೋರ್ಡನ್ನು ಆಮೇಲೆ ತೆಗೆದೆ. ಯಾಕೆ ತೆಗೆದೆ ಎಂದು ಗೌಡರು ಕೇಳಿದಾಗ ಬಣ್ಣ ಹೋಗಿದೆ ಅಂದೆ. ಬಣ್ಣ ಹೋಗಿರಲಿಲ್ಲ, ಈಗಲೂ ಹೋಗಿಲ್ಲ. ಗೌಡರೂ ಮೀಟಿಂಗಿನಲ್ಲಿ ಆ ವಿಷಯ ಎತ್ತಲಿಲ್ಲ. ಮಾಗಿ ಬಂತು, ಕಂಬಳಿ ಕೊಪ್ಪೆ ಹಾಕಿಕೊಂಡು ಬೆಂಚಿಗೆ ಬಂದರು, ಜಯಮ್ಮ ಒಳಗಿನಿಂದಲೇ "ಯಾರು, ಚಿಕ್ಕಣ್ಣನಾ?" ಅಂದಳು.

ಇಲ್ಲಿಗೆ ಮುಗಿದಿದ್ದರೆ ನಾನೊಂದು ಒಳ್ಳೆಯ ಕೆಲಸ ಮಾಡಿದೆನೆಂದು ಹೇಳಿಕೊಂಡು ಓಡಾಡಬಹುದಾಗಿತ್ತು. ಆರು ವರ್ಷದ ಮೇಲೆ ಜಯಮ್ಮನ ಎರಡನೆಯ ಹೆರಿಗೆ ಕಷ್ಟವಾಗಿ ಹಾಸನದ ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕಾಯಿತು. ಹೆರಿಗೆ ಕೋಣೆಯ ಬಾಗಿಲು ತೆರೆದಾಗಲೆಲ್ಲ ಬಿಳಿಯ ಬಟ್ಟೆಯಲ್ಲಿ ಮೂಗು ಬಾಯಿ ಕಟ್ಟಿಕೊಂಡ ನರ್ಸೊಬ್ಬಳು ಕಾಣುತ್ತಿದ್ದಳು. ಬೆಳಗಿನ ಜಾವ ಅವಳೇ ಬಂದು, "ಇಬ್ರೂ ಚೆನ್ನಾಗಿದಾರೆ," ಅಂದಳು. ಆಗ ಅವಳ ಕಾಲಿಗೆ ಬೀಳುವುದೊಂದು ಬಾಕಿ.

ವಾರ್ಡಿನಲ್ಲಿ ಅವಳು ಮುಖಕ್ಕೆ ಏನೂ ಕಟ್ಟಿಕೊಳ್ಳದೆ ಓಡಾಡುತ್ತಿದ್ದಳು. ಬಿಳಿ ಸೀರೆ, ತಲೆಗೆ ಬಿಳಿ ಟೋಪಿ. ಮೂರು ದಿನ ಅವಳೊಡನೆ ಮಾತಾಡಿದೆ. ನನ್ನ ಕಸುಬಿನ ಬಗ್ಗೆ ಕೊಚ್ಚಿಕೊಂಡೆ. "ಒಂದ್ ಸಲ ಮುಖ ನೋಡಿದ್ರೆ ಸಾಯೋ ತನಕ ಮರೆಯೋನಲ್ಲ ನಾನು," ಅಂದೆ. ಅವಳು ತುಟಿ ಬಿಗಿಹಿಡಿದು ಜಯಮ್ಮನ ಕಡೆ ನೋಡಿದಳು. ಜಯಮ್ಮ ಹೊದಿಕೆಯೊಳಗೆ ಮುಖ ಮುಚ್ಚಿಕೊಂಡಳು. ಆಸ್ಪತ್ರೆಯಿಂದ ಬಿಡುವ ದಿನ ಜಯಮ್ಮ, "ಇವ್ಳು ಯಾರು ಅಂತ ನಿಮ್ಗೆ ಗೊತ್ತೇ ಆಗ್ಲಿಲ್ವಾ?" ಅಂದಳು. "ನಮ್ ಜೈತೂನ್ ಕಣ್ರೀ."

ರಜದ ಮೇಲೆ ಊರಿಗೆ ಹೊರಟಿದ್ದ ಜೈತೂನ್ ನಮ್ಮ ಬಸ್ಸಿಗೇ ಬಂದಳು. ಮಗು ಅವಳ ತೊಡೆಯ ಮೇಲಿತ್ತು. ಅಂದು ಒಳಗೆ ಯಾಕೆ ನಕ್ಕಿರಿ ಎಂದು ಆರು ವರ್ಷದಿಂದ ಹೆಂಡತಿಯನ್ನು ಕೇಳಿ ಸೋತಿದ್ದೆ. ಈಗ ಜೈತೂನಳನ್ನು ಕೇಳಿದೆ.

"ನಾನು ಬುರ್ಖಾ ತೆಗ್ದೆ ಅಣ್ಣ. ಅದೇ ಹೊತ್ತಿಗೆ ಅಕ್ಕ ನಿಮ್ಮ ಕಪ್ಪು ಬಟ್ಟೆ ಮತ್ತೆ ತಲೆ ಮೇಲೆ ಎಳ್ಕೊಂಡ್ರು. ಅಕ್ಕ, ಈಗ ನೀವು ಹಾಕ್ಕೊಂಡ್ರಿ ಅಂದೆ. ಅಷ್ಟೆ."

"ಪ್ಲೇಟು ನನ್ನ ಹತ್ರನೇ ಇದೆ. ನಾನಿನ್ನೂ ನೋಡಿಲ್ಲ," ಅಂದೆ. ಸ್ವಲ್ಪ ಹೆಮ್ಮೆಯಿಂದಲೇ ಅಂದೆ. ಮಗ್ಗಿಯ ಕಥೆಯನ್ನೂ ಹೇಳಿದೆ.

ಅವಳು ಕಿಟಕಿಯ ಆಚೆ ನೋಡುತ್ತಿದ್ದಳು. "ನೋಡ್ಬೇಡಿ ಅಂದದ್ದು ಅಪ್ಪ. ನೋಡಲ್ಲ ಅಂದದ್ದು ನೀವು. ನನ್ನ ಯಾರೂ ಕೇಳ್ಲಿಲ್ಲ."

"ಕೇಳಿದ್ರೆ ಏನಂತಿದ್ದೆ?"

"ಗೊತ್ತಿಲ್ಲ ಅಣ್ಣ. ಆಗ ಹದಿನೆಂಟು ವರ್ಷ. ಫೋಟೋ ಚೆನ್ನಾಗಿ ಬರ್ಲಿ ಅಂತಿದ್ನೋ ಏನೋ."

ಹೇಮಾವತಿಯ ಸೇತುವೆ ಹತ್ತಿರ ಬರುತ್ತಿದ್ದಂತೆ ಅವಳು ಮಗುವನ್ನು ಜಯಮ್ಮನಿಗೆ ಕೊಟ್ಟು, ಚೀಲದಿಂದ ಬುರ್ಖಾ ತೆಗೆದು ಹಾಕಿಕೊಂಡಳು. ನನಗೆ ತಡೆಯಲಾಗಲಿಲ್ಲ. "ಅಪ್ಪ ಹೋಗಿ ಎರಡು ವರ್ಷ ಆಯ್ತಲ್ಲವ್ವ. ಈಗ ಯಾರ್ ಹೇಳಿದ್ರು ಇದನ್ನ ಹಾಕ್ಕೋ ಅಂತ?"

ಮುಖದ ಮೇಲೆ ಬಟ್ಟೆ ಇಳಿಬಿಡುತ್ತ ಅವಳು, "ಇದನ್ನೂ ಯಾರೂ ಹೇಳ್ಲಿಲ್ಲ ಅಣ್ಣ," ಅಂದಳು.

ಬಸ್ಸು ಸೇತುವೆ ದಾಟಿತು. ಒಂದು ಗಳಿಗೆಯ ಹಿಂದೆ ಪಕ್ಕದಲ್ಲಿದ್ದ ಮುಖವನ್ನು ನೆನಪಿಸಿಕೊಳ್ಳಲು ನೋಡಿದೆ. ನತ್ತು ಮಾತ್ರ ನೆನಪಾಯಿತು. ಬಸ್ ಸ್ಟ್ಯಾಂಡಿನಲ್ಲಿ ಇಳಿದು ಹೋಗುವಾಗ ಅವಳು ತಿರುಗಿ, "ಪ್ಲೇಟು ನಿಮ್ಮತ್ರನೇ ಇರ್ಲಿ. ಈಗ ಬೇಕಾದ್ರೆ ನೋಡ್ಕೊಳ್ಳಿ," ಅಂದಳು. ಆಮೇಲೆ ಅವಳಿಗೆ ದೂರದೂರಿಗೆ ವರ್ಗವಾಯಿತು. ಮತ್ತೆ ನೋಡಲಿಲ್ಲ.

ಈಗ ಹೇಳಿ. ಬೀದಿಯಲ್ಲಿ ಮುಖ ಮುಚ್ಚಿಕೊಳ್ಳಬಾರದೆಂದು ಕಾನೂನು ಮಾಡಬೇಕೋ ಬೇಡವೋ? ಗೌಡರ ಮಾತು ನಡೆದಿದ್ದರೆ ಜೈತೂನ್ ಆ ಸೇತುವೆಯ ಹತ್ತಿರ ಏನು ಮಾಡುತ್ತಿದ್ದಳು? ಸಾಬರ ಮಾತೇ ಕಡೆತನಕ ನಡೆದಿದ್ದರೆ ನನ್ನ ಹೆಂಡತಿ, ಮಗು ಏನಾಗುತ್ತಿದ್ದರು? ಮಾತಿಗೆ ತಪ್ಪದೆ ಕತ್ತಲೆಯಲ್ಲಿ ಮಗ್ಗಿ ಹೇಳಿದೆನಲ್ಲ, ಅದು ಅವಳಿಗೆ ಕೊಟ್ಟ ಮರ್ಯಾದೆಯೋ, ಅವಳನ್ನು ಒಂದು ಮಾತೂ ಕೇಳದೆ ಇಬ್ಬರು ಗಂಡಸರು ಮಾಡಿಕೊಂಡ ಒಪ್ಪಂದವೋ? ದುಡಿದು ತಿಂದವನು ನಾನು, ಓದಿದವನಲ್ಲ. ಓದಿದವರನ್ನೂ ಕೇಳಿದ್ದೇನೆ. ಅವರು ಹೇಳುವಾಗ ತಿಳಿದ ಹಾಗಿರುತ್ತದೆ, ಮನೆಗೆ ಬರುವಷ್ಟರಲ್ಲಿ ಮರೆತಿರುತ್ತದೆ.

ಟ್ರಂಕಿನ ತಳದಲ್ಲಿ ಕಂದು ಕಾಗದದ ಪೊಟ್ಟಣ ಇತ್ತು. ಜಯಮ್ಮ ಕಟ್ಟಿದ ದಾರ ಹಾಗೆಯೇ ಇತ್ತು. ಕಟ್ಟಿದವಳು ಹೋಗಿ ಒಂಬತ್ತು ವರ್ಷವಾಯಿತು. ದಾರದ ತುದಿ ಹಿಡಿದೆ. ನೋಡಬಹುದು ಎಂದು ಜೈತೂನಳೇ ಹೇಳಿದ್ದಾಳೆ. ಆದರೂ ಬಿಚ್ಚಲಿಲ್ಲ. ಯಾಕೆ ಎಂದು ಕೇಳಿದರೆ ಬಣ್ಣ ಹೋಗಿದೆ ಎಂಬಂಥ ಉತ್ತರವನ್ನೇ ಕೊಡಬೇಕಾಗುತ್ತದೆ.

ನಿನ್ನೆ ಮತ್ತೆ ಬ್ಯಾಂಕಿಗೆ ಹೋದೆ. ಬಾಗಿಲಿಗೆ ಇನ್ನೂ ನಾಲ್ಕು ಹೆಜ್ಜೆ ಇರುವಾಗಲೇ ಮಫ್ಲರು ಬಿಚ್ಚಿ, ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡೆ. ಕಿವಿಗೆ ಚಳಿ ಹೊಡೆಯಿತು. ಕಾವಲಿನ ಹುಡುಗ, "ಬನ್ನಿ ಅಜ್ಜ, ಈಗ ಗುರ್ತಾಯ್ತು," ಅಂದ. ನನ್ನ ಹಿಂದೆಯೇ ಬುರ್ಖಾದಲ್ಲಿ ಒಬ್ಬ ಹೆಣ್ಣುಮಗಳು ಬಂದಳು. ಹುಡುಗ ಅವಳಿಗೂ ಅಷ್ಟೇ ಮರ್ಯಾದೆಯಿಂದ, "ಅಕ್ಕ, ಒಂಚೂರು ಮುಖ ತೋರ್ಸಿ," ಅಂದ. ಅವಳು ಎತ್ತಿದಳೋ, ಬೇಡವೆಂದು ಹಿಂತಿರುಗಿದಳೋ, ನಾನು ಹೇಳಲಾರೆ. ಅಷ್ಟು ಹೊತ್ತಿಗೆ ನಾನು ಗೋಡೆಯ ಕಡೆ ತಿರುಗಿ ನಿಂತಿದ್ದೆ.

"ಯಾಕಜ್ಜ, ಗೋಡೇಲಿ ಏನಿದೆ?" ಅಂದ ಹುಡುಗ.

ಗೋಡೆಯಲ್ಲಿ ಏನೂ ಇರಲಿಲ್ಲ. ಬಾಯಲ್ಲಿ ಎರಡರ ಮಗ್ಗಿ ಶುರುವಾಗಿತ್ತು.